ವಾಡಿ

ವಾಡಿ : ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಪಟ್ಟಣದ ಹೆಸರು; ಸಣ್ಣ ಊರು, ತೋಟ, ಬೇಲಿ ಹಾಕಿದ ಜಾಗ ಎಂಬ ಅರ್ಥಗಳಿರುವ ಪದ. 1874ರಲ್ಲಿ ನಿಜಾಮ ಸಂಸ್ಥಾನದ ರೈಲು ಹಳಿ ಸಿಕಂದರಾಬಾದಿನಿಂದ ಬಂದು ಇಲ್ಲಿ ಮುಂಬಯಿ–ಮದ್ರಾಸ್ ಮಾರ್ಗವನ್ನು ಕೂಡಿದ ಮೇಲೆ ಈ ಹೆಸರು ಇಂಗ್ಲಿಷಿನಲ್ಲೂ ಪ್ರಚಾರಕ್ಕೆ ಬಂತು. ಇದನ್ನು ರೋಮನ್ ಲಿಪಿಯಲ್ಲಿ ಬರೆಯುವ ನಾಲ್ಕು ಅಕ್ಷರಗಳೇ ಇಂಗ್ಲಿಷ್, ಜರ್ಮನ್ ನಿಘಂಟುಗಳಲ್ಲಿ ಮರುಭೂಮಿಯ ಒಣಹಳ್ಳ ಎಂಬ ಅರ್ಥದಲ್ಲಿ ಸಿಗುತ್ತವೆ. ಆ ಪದ ಅರಬ್ಬಿಯದು. ಎರಡೂ ಒಂದೇ ಎಂದು ತೋರುವುದು ಲಿಪಿಯಿಂದಾದ ಭ್ರಮೆ. ಹುಟ್ಟು, ಉಚ್ಚಾರ, ಅರ್ಥ ಮೂರರಲ್ಲೂ ಅವು ಬೇರೆ ಬೇರೆ.

ಅರಬ್ಬಿಯ ‘ವಾದಿ’ಗೆ ಕಣಿವೆ, ಮಳೆ ಬಿದ್ದಾಗ ಹರಿದು ಬೇಸಿಗೆಯಲ್ಲಿ ಬತ್ತುವ ಹಳ್ಳ ಎಂಬ ಅರ್ಥಗಳಿವೆ. 711ರ ನಂತರ ಐಬೀರಿಯದಲ್ಲಿ ಮುಸ್ಲಿಂ ಆಳ್ವಿಕೆ ನೆಲೆಗೊಂಡಾಗ ಈ ಪದ ಅಲ್ಲಿನ ನದಿಗಳ ಹೆಸರಿಗೆ ಸೇರಿತು. ರೋಮನ್ನರು ಬೇಟಿಸ್ ಎನ್ನುತ್ತಿದ್ದ ನದಿ ‘ದೊಡ್ಡ ಹೊಳೆ’ ಎಂಬ ಅರ್ಥದ ಅಲ್-ವಾದಿ ಅಲ್-ಕಬೀರ್ ಆಗಿ, ಸ್ಪ್ಯಾನಿಷರ ಬಾಯಲ್ಲಿ ಗ್ವಾದಲ್ಕಿವೀರ್ ಆಯಿತು. ಗ್ವಾದಿಯಾನದಲ್ಲಿ ಅರಬ್ಬಿಯ ವಾದಿಯೂ ರೋಮನ್ನರ ಅನಾಸ್ ಎಂಬ ಹಳೆಯ ಹೆಸರೂ ಕೂಡಿವೆ. ಫ್ರೆಂಚರು ಉತ್ತರ ಆಫ್ರಿಕಾದ ಆಡುಮಾತಿನಿಂದ ಇದನ್ನು ‘ವೆದ್’ ಎಂದು ಪಡೆದರು. ಡಚ್ಚರು ಇಂದು ಮಳೆನೀರು ಇಂಗಿಸುವ ಹುಲ್ಲಿನ ತಗ್ಗುಕಾಲುವೆಗೆ ಇದೇ ಹೆಸರು ಕೊಟ್ಟು, ನೀರಿನ ಹರಿವು ಮತ್ತು ಇಂಗುವಿಕೆಯನ್ನು ಹೇಳುವ ತಮ್ಮ ಪದಗಳ ಮೊದಲಕ್ಷರಗಳಿಂದ ಅದನ್ನು ಬಿಡಿಸುತ್ತಾರೆ. ಇವೆಲ್ಲದರ ಪಕ್ಕದಲ್ಲೇ ಲ್ಯಾಟಿನ್ ‘ವಾದುಮ್’ ಇದೆ. ಹೊಳೆ ದಾಟುವ ಆಳವಿಲ್ಲದ ಜಾಗ ಎಂದು ಅದರ ಅರ್ಥ. ಸ್ಪ್ಯಾನಿಷಿನ ‘ವಾದೊ’ ಅದರಿಂದಲೇ ಹುಟ್ಟಿದ್ದು. ನೀರಲ್ಲಿ ಕಾಲಿಟ್ಟು ನಡೆಯುವುದಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ವೇಡ್’ ಕೂಡ ಅದೇ ಬಳಗದ್ದು. ಧ್ವನಿಯಲ್ಲೂ ಅರ್ಥದಲ್ಲೂ ಇಷ್ಟು ಹತ್ತಿರವಿದ್ದರೂ ಅರಬ್ಬಿಯ ವಾದಿಗೂ ಲ್ಯಾಟಿನ್ನಿನ ವಾದುಮ್‌ಗೂ ನಂಟಿಲ್ಲ. ಒಂದು ಸೆಮಿಟಿಕ್, ಇನ್ನೊಂದು ಇಂಡೋ-ಯುರೋಪಿಯನ್. ಹೋಲಿಕೆಯೊಂದನ್ನೇ ನಂಬಿ ಮೂಲ ಹೇಳಬಾರದು ಎಂಬುದಕ್ಕೆ ಇಷ್ಟು ಸಾಕು.

ನಮ್ಮ ವಾಡಿಯ ದಾರಿ ಬೇರೆ. ಸಂಸ್ಕೃತದ ವಾಟ, ವಾಟಿಕಾ ಪ್ರಾಕೃತದಲ್ಲಿ ಟಕಾರ ಕಳೆದುಕೊಂಡು ಡಕಾರ ಪಡೆದವು. ಈ ಬದಲಾವಣೆಗೆ ಸಾಕ್ಷಿ ಇದೇ ಸೀಮೆಯಲ್ಲಿದೆ: ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಕಾಲದ ಮಾನ್ಯಖೇಟ. ‘ಖೇಟ’ ಖೇಡವಾದಂತೆಯೇ ‘ವಾಟಿಕಾ’ ವಾಡಿಯಾಯಿತು. ಮರಾಠಿಯಲ್ಲಿ ವಾಡಿ ಎಂದರೆ ಸಣ್ಣ ಊರು, ಗುಜರಾತಿಯಲ್ಲಿ ತೋಟ. ತೆಲುಗಿನ ವಾಡ ಎಂದರೆ ಓಣಿ. ಉತ್ತರ ಕರ್ನಾಟಕದಲ್ಲಿ ದೇಸಾಯರ ದೊಡ್ಡ ಮನೆ ವಾಡೆ. ಗಾಣಗಾಪುರದ ದತ್ತಭಕ್ತರಿಗೆ ಕೃಷ್ಣಾ ತೀರದ ನರಸೋಬಾವಾಡಿ ಪರಿಚಿತ. 1975ರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ನಂತರ ಊರೂರಿಗೆ ಬಂದ ಅಂಗನವಾಡಿಯಲ್ಲಿರುವುದೂ ಇದೇ ವಾಡಿ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ನೆರೆಯ ಶಹಾಬಾದಿನ ‘ಆಬಾದ್’ ಪಾರಸಿಯದಾಗಿರುವಾಗ, ನಿಜಾಮರ ಸೀಮೆಯ ವಾಡಿ ಕಣಿವೆ ಎಂಬ ಅರ್ಥದ ಉರ್ದುವಿನ ‘ವಾದಿ’ ಏಕಾಗಬಾರದು? ಕಾಗಿಣಾ ನದಿಯೂ ಈ ಭಾಗದಲ್ಲೇ ಹರಿದು ಭೀಮೆಯನ್ನು ಸೇರುತ್ತದಲ್ಲ ಎನ್ನಬಹುದು. ಆದರೆ ಆಡಳಿತದ ಭಾಷೆ ಒಂದೆರಡು ಊರಿಗೆ ಹೆಸರಿಟ್ಟ ಮಾತ್ರಕ್ಕೆ ಎಲ್ಲ ಊರಿನ ಹೆಸರೂ ಅದರದಾಗುವುದಿಲ್ಲ. ಉರ್ದುವಿನ ಕಣಿವೆಯ ಪದದಲ್ಲಿರುವುದು ದಂತ್ಯ ‘ದ’. ಊರವರು ಆಡುವುದು, ಕನ್ನಡದಲ್ಲಿ ಬರೆಯುವುದು ಮೂರ್ಧನ್ಯ ‘ಡ’. ಈ ವ್ಯತ್ಯಾಸ ಉರ್ದು ಲಿಪಿಯಲ್ಲೂ ಉಂಟು, ರೋಮನ್ನಿನಲ್ಲಿ ಮಾತ್ರ ಇಲ್ಲ. ಇನ್ನೊಂದು ಆಕ್ಷೇಪ, ಇದು ಹಳ್ಳಿ ಎಂಬ ಅರ್ಥದ ದ್ರಾವಿಡದ ‘ಪಾಡಿ’ ಇರಬಹುದೆಂಬುದು. ಅರ್ಥ ಹೊಂದುತ್ತದೆ, ಧ್ವನಿನಿಯಮ ಹೊಂದುವುದಿಲ್ಲ: ಕನ್ನಡದಲ್ಲಿ ಪದದ ಮೊದಲ ಪಕಾರ ಹಕಾರವಾಗುತ್ತದೆ. ಹಾಗಾಗಿ ಪಾಡಿ ಮೈಸೂರು, ಕೊಡಗಿನ ಬುಡಕಟ್ಟು ಜನರ ‘ಹಾಡಿ’ಯಾಗಿ ಉಳಿದಿದೆ.

ಆದ್ದರಿಂದ ಚಿತ್ತಾಪುರ ತಾಲ್ಲೂಕಿನ ವಾಡಿಯನ್ನು ವಾಟಿಕಾ ಮೂಲದ್ದೆಂದು, ಮರಾಠಿ ನೆರೆಹೊರೆಯ ಬಳಕೆಯಿಂದ ನೆಲೆಗೊಂಡದ್ದೆಂದು ತಿಳಿಯುವುದೇ ಸರಿ. ಗಡಿನಾಡಿನ ಊರಹೆಸರುಗಳ ಮೂಲ ಹುಡುಕುವವರು ರೋಮನ್ ಅಕ್ಷರದ ಫಲಕವನ್ನು ಬದಿಗಿಟ್ಟು ಶಾಸನ, ಹಳೆಯ ಕಂದಾಯ ದಾಖಲೆ ಮತ್ತು ಊರವರ ಉಚ್ಚಾರದಿಂದ ಕೆಲಸ ಆರಂಭಿಸಬೇಕು.