ಬರೆದದ್ದು ಉಳಿಯಬೇಕಲ್ಲ!

ಬರೆಯುವುದು ಒಂದು ಕೆಲಸ, ಬರೆದದ್ದನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಕಾಗದ, ಲೇಖನಿಗಳ ಕಾಲದಲ್ಲಿ ಇವೆರಡರ ನಡುವೆ ಅಂತರವೇ ಇರಲಿಲ್ಲ. ಶಾಯಿ ಆರಿದರೆ ಅಕ್ಷರ ಉಳಿಯಿತು; ಆಮೇಲೆ ಅದನ್ನು ಕೆಡಿಸಲು ಗೆದ್ದಲೋ ಸೋರುವ ಮಾಡೋ ಬರಬೇಕಿತ್ತು. ಕಂಪ್ಯೂಟರು ಬಂದ ಮೇಲೆ ಹಾಗಲ್ಲ. ತೆರೆಯ ಮೇಲೆ ಎಷ್ಟು ಚೆನ್ನಾಗಿ ಕಂಡರೂ, ಡಿಸ್ಕಿಗೆ ಇಳಿಯುವವರೆಗೆ ಅದು ನೀರಿನ ಮೇಲಿನ ಬರಹವೇ. ಕರೆಂಟು ಹೋದರೆ ಅದರ ಜೊತೆಗೆ ಅದೂ ಹೋಯಿತು.

ಇಷ್ಟು ಪೀಠಿಕೆ ಹಾಕಿದ್ದು ಒಂದು ಪುಟ್ಟ ಫೈಲಿನ ಚರಿತ್ರೆ ಹೇಳುವುದಕ್ಕೆ. ಅದರ ಹೆಸರು ಟಿಡ್ಲಿವಿಕಿ. ನಮ್ಮ ಮನೆಯ ಮುಯ್ಯಿಯ ಲೆಕ್ಕ, ಉಪ್ಪಿನಕಾಯಿಯ ಅಳತೆ, ತಿಥಿ ಶ್ರಾದ್ಧಗಳ ದಿನ, ಮಕ್ಕಳಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದನ್ನೆಲ್ಲ ನಾನು ಅದರಲ್ಲೇ ಬರೆದಿಡುತ್ತೇನೆ. ಇವುಗಳಲ್ಲಿ ಒಂದು ಸಾಲು ಕಳೆದರೂ ಏನಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮುಯ್ಯಿಯ ಲೆಕ್ಕ ತಪ್ಪಿದರೆ ನೆಂಟಸ್ತನವೇ ತಪ್ಪೀತು!

ವಿಕಿ ಎಂಬುದು 1995ರಲ್ಲಿ ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಕಟ್ಟಿದ ವಿಧಾನ. ಓದುವವರೇ ಪುಟವನ್ನು ತಿದ್ದಬಹುದು, ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕಬಹುದು. ಹವಾಯಿ ಭಾಷೆಯಲ್ಲಿ 'ವಿಕಿ' ಎಂದರೆ ಬೇಗ. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರನ್ನು ಅವರು ತಮ್ಮ ಕೂಸಿಗೆ ಇಟ್ಟರು. ಆದರೆ ಇಂಥ ವಿಕಿ ನಡೆಯಲು ಎಲ್ಲೋ ದೂರದಲ್ಲಿ ಒಂದು ಸರ್ವರ್ ಬೇಕು. 2004ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಜೆರೆಮಿ ರಸ್ಟನ್ ಆ ಹಂಗನ್ನೇ ಬಿಡಿಸಿದರು. ಅವರ ಟಿಡ್ಲಿವಿಕಿ ಒಂದೇ ಒಂದು ಫೈಲು. ಬರಹವೂ ಅದರೊಳಗೆ, ಬರಹವನ್ನು ತೋರಿಸಿ ತಿದ್ದಿಸುವ ಪ್ರೋಗ್ರಾಮೂ ಅದರೊಳಗೇ. ಯಾವುದೇ ಬ್ರೌಸರಿನಲ್ಲಿ ತೆರೆದರೆ ಸಾಕು. ಅದರಲ್ಲಿನ ಒಂದೊಂದು ಟಿಪ್ಪಣಿಗೂ 'ಟಿಡ್ಲರ್' ಎಂದು ಹೆಸರು. ಇಂಗ್ಲಿಷರು ಪುಟ್ಟ ಮೀನುಮರಿಗೆ ಹೇಳುವ ಮಾತು ಅದು.

ಇಷ್ಟೆಲ್ಲ ಸೊಗಸಿದ್ದರೂ ಮೊದಲ ಆವೃತ್ತಿಯಲ್ಲಿ ಒಂದು ಕೊರತೆಯಿತ್ತು. ಬರೆಯಬಹುದಿತ್ತು, ಬರೆದದ್ದನ್ನು ಉಳಿಸಲು ಅದಕ್ಕೆ ಬರುತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವಲ್ಲ, ಹಾಗೆ. ಕಾರಣ ಬ್ರೌಸರಿನ ಕಟ್ಟುನಿಟ್ಟು. ಎಲ್ಲಿಂದಲೋ ಬಂದ ಪುಟವೊಂದು ನಮ್ಮ ಡಿಸ್ಕಿನಲ್ಲಿ ತನಗೆ ತೋಚಿದ್ದನ್ನು ಬರೆಯುವಂತಿದ್ದರೆ ಕಳ್ಳನಿಗೆ ಬೀಗದ ಕೈ ಕೊಟ್ಟಂತೆಯೇ. ಅದಕ್ಕಾಗಿ ಬ್ರೌಸರು ಎಲ್ಲ ಪುಟಗಳನ್ನೂ ಹೊಸಿಲಾಚೆ ನಿಲ್ಲಿಸುತ್ತದೆ. ನಿಯಮ ಒಳ್ಳೆಯದೇ. ಆದರೆ ನಮ್ಮದೇ ಡಿಸ್ಕಿನ ನಮ್ಮದೇ ಪುಟವೂ ಅದರ ಕಣ್ಣಿಗೆ ಪರಕೀಯವೇ. ದೇವರು ಕೊಟ್ಟರೂ ಪೂಜಾರಿ ಕೊಡ!

ಅಲ್ಲಿಂದ ಮುಂದಿನ ಚರಿತ್ರೆಯೆಲ್ಲ ಈ ಪೂಜಾರಿಯನ್ನು ಒಲಿಸಿಕೊಂಡ ಚರಿತ್ರೆ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಆಗ ವಿಶೇಷ ಅಪ್ಪಣೆ ಕೇಳುವ ಒಂದು ದಾರಿಯಿತ್ತು. ಬಳಸುವವರು ಒಪ್ಪಿದರೆ ಪುಟ ಡಿಸ್ಕಿಗೆ ಬರೆಯಬಹುದಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಆಕ್ಟಿವ್‌ಎಕ್ಸ್ ಎಂಬ ಇನ್ನೊಂದು ದಾರಿ. ಬೇರೆ ಬ್ರೌಸರುಗಳಿಗೆ ಟಿಡ್ಲಿಸೇವರ್ ಎಂಬ ಜಾವಾ ಫೈಲನ್ನು ಪಕ್ಕದಲ್ಲೇ ಇಟ್ಟುಕೊಳ್ಳಬೇಕಿತ್ತು. ಒಂದು ಬಾಗಿಲು ಮುಚ್ಚಿದಾಗಲೆಲ್ಲ ಇನ್ನೊಂದನ್ನು ಹುಡುಕಬೇಕಾಯಿತು. 2012ರಲ್ಲಿ ಫೈರ್‌ಫಾಕ್ಸ್ ಆ ವಿಶೇಷ ಅಪ್ಪಣೆಯನ್ನು ತೆಗೆದುಹಾಕಿತು. ಅದರ ಜಾಗಕ್ಕೆ ಟಿಡ್ಲಿಫಾಕ್ಸ್ ಎಂಬ ಜೋಡಣೆ ಬಂತು. ಐದು ವರ್ಷ ಜನ ನೆಮ್ಮದಿಯಾಗಿದ್ದರು. 2017ರ ನವೆಂಬರಿನಲ್ಲಿ ಫೈರ್‌ಫಾಕ್ಸಿನ 57ನೆಯ ಆವೃತ್ತಿ ಹಳೆಯ ಬಗೆಯ ಜೋಡಣೆಗಳನ್ನೆಲ್ಲ ಕೈಬಿಟ್ಟಾಗ ಅದೂ ನಿಂತುಹೋಯಿತು. ಜಾವಾ ದಾರಿಯನ್ನು ಅಷ್ಟರಲ್ಲಿ ಬ್ರೌಸರುಗಳು ಮುಚ್ಚಿಯೇ ಬಿಟ್ಟಿದ್ದವು.

ಯಾವ ಬಾಗಿಲೂ ತೆರೆಯದಿದ್ದರೆ ಉಳಿಯುವುದು 'ಡೌನ್‌ಲೋಡ್' ಎಂಬ ಹಿತ್ತಿಲ ಬಾಗಿಲು. ಉಳಿಸು ಎಂದಾಗ ಬ್ರೌಸರು ಹಳೆಯ ಫೈಲನ್ನು ಮುಟ್ಟದೆ, ಪೂರ್ತಿ ಹೊಸ ಪ್ರತಿಯೊಂದನ್ನು ಡೌನ್‌ಲೋಡ್ ಫೋಲ್ಡರಿಗೆ ಹಾಕುತ್ತದೆ. ಅದೇ ಹೆಸರಿನದು ಅಲ್ಲಿ ಮೊದಲೇ ಇದ್ದರೆ ಹೆಸರಿನ ಮುಂದೆ 1, 2 ಎಂದು ಅಂಕಿ ಸೇರಿಸುತ್ತದೆ. ಅಪಾಯ ಇರುವುದು ಇಲ್ಲೇ. ಬರಹ ಉಳಿದಿರುತ್ತದೆ, ಆದರೆ ನಾವು ಅಂದುಕೊಂಡ ಜಾಗದಲ್ಲಿ ಅಲ್ಲ. ಮರುದಿನ ಹಳೆಯ ಫೈಲನ್ನೇ ತೆರೆದು ಮುಂದುವರಿಸಿದರೆ ನಿನ್ನೆಯದು ಒಂದರಲ್ಲಿ, ಇಂದಿನದು ಇನ್ನೊಂದರಲ್ಲಿ. ಒಂದೇ ಮನೆಯ ಲೆಕ್ಕಕ್ಕೆ ಎರಡು ಪುಸ್ತಕ ಇಟ್ಟಂತೆ. ಯಾವುದು ನಿಜವೆಂದು ಹೇಳುವವರಾರು?

ಈಗ ಸುಖವಾದ ದಾರಿಗಳೂ ಇವೆ. ಟಿಡ್ಲಿಡೆಸ್ಕ್‌ಟಾಪ್ ಎಂಬ ಬೇರೆಯದೇ ತಂತ್ರಾಂಶದಲ್ಲಿ ತೆರೆದರೆ ಅದು ಅದೇ ಫೈಲಿಗೆ ನೇರವಾಗಿ ಬರೆಯುತ್ತದೆ. ಕ್ರೋಮ್ ಬ್ರೌಸರು 2020ರ ಅಕ್ಟೋಬರಿನಲ್ಲಿ, ತನ್ನ 86ನೆಯ ಆವೃತ್ತಿಯಿಂದ, ನಾವೇ ತೋರಿಸಿ ಒಪ್ಪಿಗೆ ಕೊಟ್ಟ ಫೈಲಿಗೆ ಪುಟ ಬರೆಯಲು ಅವಕಾಶ ಮಾಡಿತು. ಇದನ್ನು ಬಳಸುವ ಜೋಡಣೆಗಳೂ ಬಂದಿವೆ.

ಬಾಗಿಲುಗಳು ಇಷ್ಟು ಸಲ ಬದಲಾದರೂ ಫೈಲು ಮಾತ್ರ ಹಾಳಾಗಲಿಲ್ಲ ಎಂಬುದೇ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಉಳಿಸುವ ಉಪಾಯ ಪರರದಾಗಿತ್ತು, ಪುಸ್ತಕ ನಮ್ಮದಾಗಿತ್ತು. ಅದು ಒಬ್ಬರ ಅಂಗಡಿಯ ಕಪಾಟಿನಲ್ಲಿ ಇರಲಿಲ್ಲ. ಅಂಗಡಿ ಮುಚ್ಚಿದರೂ ನಮ್ಮ ಮನೆಯಲ್ಲಿ ಉಳಿಯಿತು. ಆದರೆ ನಮ್ಮ ಮನೆಯಲ್ಲಿದೆ ಎಂದ ಮೇಲೆ ಕಾಯುವ ಹೊಣೆಯೂ ನಮ್ಮದೇ.

ಆ ಹೊಣೆ ಭಾರವೇನಲ್ಲ. ಈಗಿನ ಟಿಡ್ಲಿವಿಕಿಯಲ್ಲಿ ಉಳಿಸದ ಬರಹ ಇದ್ದರೆ ಉಳಿಸುವ ಗುಂಡಿ ಕೆಂಪಗಾಗುತ್ತದೆ. ಆ ಕೆಂಪನ್ನು ಒಲೆಯ ಮೇಲಿಟ್ಟ ಹಾಲಿನಂತೆ ನೋಡಬೇಕು, ಬಿಟ್ಟು ಏಳಬಾರದು. ಉಳಿಸಿದ ಮೇಲೆ ಫೈಲನ್ನು ಮುಚ್ಚಿ ಮತ್ತೆ ತೆರೆದು, ಕಡೆಯ ಸಾಲು ಇದೆಯೇ ಎಂದು ನೋಡಬೇಕು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿ ನೋಡುವುದಿಲ್ಲವೆ, ಹಾಗೆಯೇ ಇದು. ವಾರಕ್ಕೊಮ್ಮೆ ದಿನಾಂಕ ಹಾಕಿದ ಒಂದು ಪ್ರತಿಯನ್ನು ಬೇರೆ ಕಡೆ, ಪೆನ್‌ಡ್ರೈವಿನಲ್ಲೋ ಮಗಳ ಕಂಪ್ಯೂಟರಿನಲ್ಲೋ ಇಡಬೇಕು. ಒಂದೇ ಫೈಲಾದ್ದರಿಂದ ಅದಕ್ಕೆ ಅರೆಗಳಿಗೆಯೂ ಬೇಡ.

ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಓದಿದ್ದೇವೆ. ಬರಹ ಬದುಕುವುದು ಒಂದು ಗಟ್ಟಿ ಪೆಟ್ಟಿಗೆಯಿಂದಲ್ಲ, ಹಲವು ಪ್ರತಿಗಳಿಂದ ಎಂಬುದನ್ನು ಆ ತಾಯಿ ಸಾವಿರ ವರ್ಷದ ಹಿಂದೆಯೇ ಅರಿತಿದ್ದಳು. ನಮ್ಮ ಮುಯ್ಯಿಯ ಲೆಕ್ಕಕ್ಕೆ ಸಾವಿರ ಪ್ರತಿ ಬೇಡ, ಎರಡಿದ್ದರೆ ಸಾಕು.