ವಿಶ್ವೇಶ್ವರಯ್ಯನವರ ಒಂದು ರಜೆ

ಬೇಸಿಗೆ ಬಂದಿತೆಂದರೆ ನಮ್ಮ ಜಯನಗರ, ಬನಶಂಕರಿಗಳ ಬೀದಿಗಳಲ್ಲಿ ನಡುರಾತ್ರಿಯ ಹೊತ್ತಿಗೆ ಬಾಡಿಗೆಯ ಕಾರುಗಳು ಬಂದು ನಿಲ್ಲುವುದನ್ನು ವಾಚಕರು ಕಂಡೇ ಇರುವರು. ಪೆಟ್ಟಿಗೆಗಳನ್ನು ತೂಗಿ ನೋಡುವುದು, ಉಪ್ಪಿನಕಾಯಿಯ ಡಬ್ಬಿಯನ್ನು ಒಮ್ಮೆ ಒಳಗಿಟ್ಟು ಒಮ್ಮೆ ಹೊರಗಿಡುವುದು, ದೇವರಿಗೆ ಕೈಮುಗಿದು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೊರಡುವುದು, ಇವೆಲ್ಲ ಈಗ ಅನೇಕ ಮನೆಗಳ ವಾಡಿಕೆಯಾಗಿವೆ. ಹೊರಡುವ ಸಂಭ್ರಮವನ್ನು ಎಲ್ಲರೂ ವರ್ಣಿಸುವರು. ಆದರೆ ಗುರುತಿಲ್ಲದ ಊರಿನಲ್ಲಿ ಕಾಲಿಟ್ಟ ಮೊದಲ ಒಂದೆರಡು ಗಂಟೆಗಳ ವಿಷಯವನ್ನು ಹೇಳುವವರು ಕಡಮೆ. ನಾಲ್ಕು ಅಕ್ಷರ ಬಲ್ಲವನು ಅಲ್ಲಿ ಅಂಗಡಿಯ ಹಲಗೆಯನ್ನು ಓದಲಾರನು. ಮನೆಯಲ್ಲಿ ಹತ್ತು ಜನಕ್ಕೆ ಬುದ್ಧಿ ಹೇಳುವ ಯಜಮಾನನು ಬೀದಿಯನ್ನು ದಾಟುವುದಕ್ಕೆ ಮತ್ತೊಬ್ಬರ ಮುಖವನ್ನು ನೋಡುವನು. ಈ ಅವಸ್ಥೆಯ ಬೆಳಕಿನಲ್ಲಿ ನಮ್ಮ ನಾಡಿನ ಹಿರಿಯರೊಬ್ಬರ ಪ್ರವಾಸವನ್ನು ನೋಡಬೇಕೆಂಬುದು ನನ್ನ ಉದ್ದೇಶ.

1898ನೆಯ ಇಸವಿಯಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದರು. ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಇಂಜಿನಿಯರಿಂಗ್ ವಿದ್ಯೆಯನ್ನು ಕಲಿತು 1884ರಲ್ಲಿ ನೌಕರಿಗೆ ಸೇರಿದವರು. ಅವರು ಆ ವರುಷ ರಜೆಯನ್ನು ಪಡೆದು ಜಪಾನಿಗೆ ಹೋಗಿ ಸುಮಾರು ಮೂರು ತಿಂಗಳು ಅಲ್ಲಿದ್ದರು. ರಜೆ ದೊರೆತ ಅಧಿಕಾರಿಯು ಬೆಟ್ಟದ ತಂಪಿಗೆ ಹೋಗುತ್ತಿದ್ದ ಕಾಲವದು. ಬಹಳವೆಂದರೆ ವಿಲಾಯತಿಗೆ ಹೋಗುತ್ತಿದ್ದನು. ಅದಕ್ಕೆ ಹತ್ತು ವರುಷ ಮುಂಚೆ, 1888ರಲ್ಲಿ, ಕಡಲು ದಾಟುವರೆಂಬ ಕಾರಣಕ್ಕಾಗಿ ಗಾಂಧಿಯವರನ್ನು ಮುಂಬಯಿಯಲ್ಲಿ ಅವರ ಜಾತಿಯವರೇ ಬಹಿಷ್ಕರಿಸಿದ್ದರೆಂಬುದನ್ನು ನೆನೆದರೆ, ಬರಿಯ ರಜೆಗೆಂದು ಹಡಗು ಹತ್ತುವುದು ಎಂತಹ ಕಾರ್ಯವಾಗಿತ್ತೆಂಬುದು ತಿಳಿದೀತು.

ಜಪಾನೇ ಏಕೆ ಎಂದು ಕೇಳಬಹುದು. ಅದು 1895ರಲ್ಲಿ ಚೀಣವನ್ನು ಗೆದ್ದು ಪೂರ್ವದೇಶಗಳವರೆಲ್ಲ ತಿರುಗಿ ನೋಡುವಂತೆ ಮಾಡಿತ್ತು. ಜಪಾನಿನ ಹಡಗುಗಳು 1893ರಿಂದ ಮುಂಬಯಿಗೇ ಬಂದುಹೋಗುತ್ತಿದ್ದುದರಿಂದ ದಾರಿಯೂ ತೆರೆದಿತ್ತು. ಜಮ್ಷೆಟ್‌ಜಿ ಟಾಟಾ ಅವರೂ ವಿವೇಕಾನಂದ ಸ್ವಾಮಿಗಳೂ ಆ ವರುಷವೇ ಆ ದೇಶವನ್ನು ಕಂಡು, ಯೊಕೊಹಾಮಾ ರೇವಿನಿಂದ ಒಂದೇ ಹಡಗಿನಲ್ಲಿ ಅಮೆರಿಕ ಖಂಡಕ್ಕೆ ಹೊರಟಿದ್ದರು.

ಆ ದಿನಗಳಲ್ಲಿ ಯೊಕೊಹಾಮಾದಲ್ಲಿ ಇಳಿದ ಪರದೇಶಿಯ ಪಾಡೇನು? 1894ರಲ್ಲಿ ಕಟ್ಟಿ ಮುಗಿಸಿದ ಕಬ್ಬಿಣದ ಧಕ್ಕೆಯಿದ್ದುದರಿಂದ ದೋಣಿಯ ಕಾಟ ತಪ್ಪಿತ್ತು. ಧಕ್ಕೆಯನ್ನು ಬಿಟ್ಟು ಬಂದೊಡನೆ ಮನುಷ್ಯರು ಎಳೆಯುವ ಗಾಡಿಗಳು ಎದುರಾಗುವುವು. ‘ಜಿನ್‌ರಿಕಿಷಾ’ ಎಂದರೆ ಆಳಿನ ಬಲದಿಂದ ನಡೆಯುವ ಗಾಡಿ. ಅದರ ತಲೆಯನ್ನು ಕಡಿದು ನಾವು ‘ರಿಕ್ಷಾ’ ಎಂದು ಮಾಡಿಕೊಂಡೆವು. ಜಯನಗರದ ನಾಲ್ಕನೆಯ ಬ್ಲಾಕಿಗೆ ಬರುವುದಿಲ್ಲವೆಂದು ಮುಖ ತಿರುಗಿಸುವ ಚಾಲಕನೊಡನೆ ವಾದಿಸುವಾಗ ನಾವು ಜಪಾನೀ ಮಾತನ್ನಾಡುತ್ತಿರುವೆವೆಂದು ಯಾರಿಗೂ ತೋರುವುದಿಲ್ಲ.

ಆದರೆ ರೇವುಪಟ್ಟಣವನ್ನು ಬಿಟ್ಟು ಒಳನಾಡಿಗೆ ಹೋಗಬೇಕಾದರೆ ಪರದೇಶಿಗೆ ರಹದಾರಿ ಬೇಕಾಗಿತ್ತು. ಭಾರತೀಯನಾದವನು ಅದನ್ನು ಬ್ರಿಟಿಷ್ ಪ್ರತಿನಿಧಿಯ ಮೂಲಕವೇ ಪಡೆಯತಕ್ಕದ್ದು. ಇಪ್ಪತ್ತು ವರುಷ ಮುಂಚೆ, 1878ರಲ್ಲಿ, ಇಸಬೆಲ್ಲಾ ಬರ್ಡ್ ಎಂಬ ಆಂಗ್ಲ ಮಹಿಳೆಗೆ ದೊರೆತ ರಹದಾರಿಯ ವಿಚಾರವನ್ನು ಆಕೆಯೇ ಬರೆದಿಟ್ಟಿರುವಳು. ಪ್ರಯಾಣದ ಕಾರಣವನ್ನು ಆರೋಗ್ಯವೆಂದೋ, ಸಸ್ಯಶೋಧನೆಯೆಂದೋ, ಶಾಸ್ತ್ರಸಂಶೋಧನೆಯೆಂದೋ ತಿಳಿಸಬೇಕಾಗಿತ್ತು. ಕಾಡಿನಲ್ಲಿ ಬೆಂಕಿ ಹೊತ್ತಿಸಬಾರದು, ಗುಡಿಗೋಡೆಗಳ ಮೇಲೆ ಗೀಚಬಾರದು, ಊರಿನಲ್ಲಿ ಬೆಂಕಿ ಬಿದ್ದರೆ ಕುದುರೆಯೇರಿ ನೋಡಲು ಹೋಗಬಾರದು ಎಂಬ ವಿಧಿಗಳೂ ಇದ್ದುವು. ಗೋಡೆಯ ಮೇಲೆ ಗೀಚುವವರ ಕಾಟ ನಮ್ಮ ಹಂಪೆಗೆ ಮಾತ್ರವೇ ಅಲ್ಲವೆಂದು ಇದನ್ನು ಓದಿ ನನಗೆ ಅಲ್ಪ ಸಮಾಧಾನವಾಯಿತು. ಈ ರಹದಾರಿಯ ಕಟ್ಟು 1899ರ ಜುಲೈ ತಿಂಗಳಿನಲ್ಲಿ ಹೊಸ ಒಪ್ಪಂದಗಳು ಜಾರಿಗೆ ಬಂದಾಗ ತೊಲಗಿತು. ನಮ್ಮವರು ಹೋದದ್ದು ಅದಕ್ಕೆ ಹಿಂದಿನ ವರುಷ.

ಅದೇ 1898ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿಗೆ ಪ್ಲೇಗು ಬಂದಿತು. ರೈಲಿನಲ್ಲಿ ಬಂದಿಳಿದವರನ್ನು ನಿಲ್ದಾಣದಲ್ಲಿಯೇ ತಡೆದು, ಕಂಕುಳನ್ನು ಮುಟ್ಟಿ ನೋಡಿ ಪರೀಕ್ಷಿಸುವ ಕಾಲ ಬಂದಿತು. ಪರವೂರಿನಲ್ಲಿ ಹೇಗೋ ಹಾಗೆ ಸ್ವಂತ ಊರಿನಲ್ಲಿಯೂ ಬಂದವನು ಮೊದಲು ಸಂಶಯಕ್ಕೆ ಪಾತ್ರನು.

ವಿಶ್ವೇಶ್ವರಯ್ಯನವರು ಆ ದೇಶದಲ್ಲಿ ಏನನ್ನು ಹೊಸದಾಗಿ ಕಂಡರು? ರೈಲು ಅವರಿಗೆ ಹೊಸದಲ್ಲ; ಯೊಕೊಹಾಮಾದಿಂದ ಟೋಕಿಯೋಗೆ ರೈಲುದಾರಿ ತೆರೆದದ್ದು 1872ರಲ್ಲಿ, ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಆ ಮಟ್ಟಿಗೆ ನಾವೇ ಎಂಟು ವರುಷ ಹಿರಿಯರು! ಅಲ್ಲಿದ್ದು ಇಲ್ಲಿಲ್ಲದಿದ್ದುದು ಶಾಲೆ. ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳೆಲ್ಲ ಓದಬೇಕೆಂದು ಜಪಾನು 1872ರಲ್ಲಿಯೇ ಶಾಸನವನ್ನು ಮಾಡಿ, ಅದನ್ನು ಕಾಗದದ ಮೇಲೆ ಬಿಡದೆ ನಡೆಸುತ್ತ ಬಂದಿತ್ತು.

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಲು ವಾಚಕರು ಅನುಮತಿ ಕೊಡಬೇಕು. ಕೆಲವು ವರುಷಗಳ ಹಿಂದೆ ರಜೆಯ ಮೊದಲ ದಿನದ ಸಂಜೆ ನಾನೂ ನನ್ನ ಮನೆಯವರೂ ಯೊಕೊಹಾಮಾದ ಒಂದು ನಿಲ್ದಾಣದಿಂದ ಹೊರಬಿದ್ದೆವು. ಸಣ್ಣ ಮಳೆ ಹನಿಯುತ್ತಿತ್ತು. ತಂಗುವ ಮನೆಯ ಹೆಸರನ್ನು ಬರೆದ ಚೀಟಿ ಕೈಯಲ್ಲಿದ್ದಿತು. ಅದರಲ್ಲಿದ್ದ ಒಂದಕ್ಷರವೂ ನನಗೆ ಬಾರದು. ನಲವತ್ತು ವರುಷ ಪಾಠ ಹೇಳಿದವನು ಆ ಚೀಟಿಯನ್ನು ತಲೆಕೆಳಗಾಗಿ ಹಿಡಿದುಕೊಂಡಿದ್ದೆನೆಂದು ತಿಳಿದದ್ದು, ಬೆನ್ನಿಗೆ ಶಾಲೆಯ ಚೀಲ ಹಾಕಿಕೊಂಡಿದ್ದ ಹತ್ತು ವರುಷದ ಹುಡುಗಿಯೊಬ್ಬಳು ಅದನ್ನು ತೆಗೆದುಕೊಂಡು ತಿರುಗಿಸಿ ಓದಿದಾಗ. ಅವಳು ಮುಂದೆ, ನಾವಿಬ್ಬರು ಹಿಂದೆ. “ನಮ್ಮ ಅಜ್ಜಿಯ ಪಾಡೂ ಹೀಗೆಯೇ ಇತ್ತಲ್ಲವೆ, ಕಾಗದ ಬಂದರೆ ಓದಿಸಲು ಬೀದಿಯ ಹುಡುಗರನ್ನು ಕರೆಯುತ್ತಿದ್ದರು” ಎಂದು ನನ್ನ ಮನೆಯವರು ಮೆಲ್ಲನೆ ಅಂದರು. ನನಗೆ ಉತ್ತರ ತೋಚಲಿಲ್ಲ.

ಮೂವತ್ತೆಂಟು ವರುಷದ ಪ್ರಾಯದ ಆ ಇಂಜಿನಿಯರರಿಗೂ ಇಂತಹ ಸಂಜೆಯೊಂದು ಬಂದಿರಬೇಕೆಂಬುದು ಕೇವಲ ನನ್ನ ಊಹೆ. ಅವರು ಜಪಾನಿನಲ್ಲಿ ಕಂಡುದನ್ನು ಬರೆದಿಟ್ಟರು; ಸರ್ಕಾರದ ನೌಕರಿಯಲ್ಲಿದ್ದುದರಿಂದ ಅಚ್ಚು ಹಾಕಿಸಲಿಲ್ಲ. 1951ರಲ್ಲಿ ಪ್ರಕಟವಾದ ಅವರ ಆತ್ಮವೃತ್ತಾಂತಕ್ಕೆ ‘ಮೆಮೊಯರ್ಸ್ ಆಫ್ ಮೈ ವರ್ಕಿಂಗ್ ಲೈಫ್’ ಎಂದು ಹೆಸರು. ಅದು ಕೆಲಸದ ಬದುಕಿನ ಕಥೆಯೇ ಹೊರತು ಮನಸ್ಸಿನ ಕಥೆಯಲ್ಲ. ಅವರ ಮಿತಭಾಷೆಯನ್ನು ಗುಣವೆಂದು ಎಲ್ಲರೂ ಹೊಗಳುವರು. ಈ ಒಂದು ವಿಷಯದಲ್ಲಿ ಮಾತ್ರ ಅದು ನಮಗೆ ನಷ್ಟವಾಯಿತೆಂದು ನಾನು ಹೇಳುವೆನು. ಅವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸವನ್ನು ಆಯ್ದ ಕೇಂದ್ರಗಳಲ್ಲಿ ಕಡ್ಡಾಯ ಮಾಡುವ ಶಾಸನವು ಮೈಸೂರಿನಲ್ಲಿ ಬಂದಿತು, 1916ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಶಾಸನದ ಪ್ರತಿ ಸರ್ಕಾರದ ಕಡತಗಳಲ್ಲಿರುವುದು. ಅದರ ಹಿಂದಿನ ಮೊದಲ ಸಂಜೆ ಎಲ್ಲಿಯೂ ಇಲ್ಲ.

ರಜೆಯ ವಿಷಯದಲ್ಲಿ ಅವರು ಹಟವಾದಿಗಳು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯು ಉಕ್ಕಿ ಹೈದರಾಬಾದು ಹಾಳಾದಾಗ, ನಿಜಾಮ ಸರ್ಕಾರದ ಕರೆಯು ಅವರನ್ನು ಇಟಲಿಯಲ್ಲಿ ತಲಪಿತು. ಪ್ರವಾಸವನ್ನು ಮುಗಿಸಿಕೊಂಡು ಬರುವೆನೆಂದು ತಿಳಿಸಿ, ಹಾಗೆಯೇ ಮಾಡಿ, 1909ರಲ್ಲಿ ಹೈದರಾಬಾದಿಗೆ ಬಂದರು. ಕಾಣುವುದೂ ಕೆಲಸವೇ ಎಂದು ಅವರು ಎಣಿಸಿರಬೇಕು.

ಇತ್ತ, ಜಪಾನಿನಿಂದ ಮರಳಿದ ಟಾಟಾ ಅವರು ಬೆಂಗಳೂರಿನ ದಕ್ಷಿಣಕ್ಕೆ, ಇಂದಿನ ಬಸವನಗುಡಿ ಜಯನಗರಗಳು ಕೂಡುವೆಡೆಯಲ್ಲಿ, ರೇಷ್ಮೆಯ ತೋಟವೊಂದನ್ನು ಮಾಡಿಸಿ, ಹುಳು ಸಾಕುವ ಹೊಸ ಕ್ರಮವನ್ನು ಕಲಿಸಲು ಜಪಾನೀ ತಜ್ಞರನ್ನು ಕರೆಸಿದರು. ಜಯನಗರವು ಹುಟ್ಟಿದ್ದು 1948ರಲ್ಲಿ; ಆಗ ಅಲ್ಲಿ ಯಡಿಯೂರು, ಸಿದ್ದಾಪುರ, ಭೈರಸಂದ್ರ ಮುಂತಾದ ಹಳ್ಳಿಗಳು, ಕೆರೆಗಳು, ರಾಗಿಯ ಹೊಲಗಳು. ಅಲ್ಲಿಗೆ ಬಂದಿಳಿದ ಆ ಪರದೇಶಿಗಳಿಗೆ ಸಂಜೆಯ ಹೊತ್ತಿನಲ್ಲಿ ಯಾರು ದಾರಿ ತೋರಿಸಿದರೋ, ಯಾವ ಮನೆಯವರು ನೀರು ಕೊಟ್ಟರೋ, ಅದನ್ನೂ ಯಾರೂ ಬರೆದಿಡಲಿಲ್ಲ. ತೋಟವು ಮುಂದೆ ಸಾಲ್ವೇಷನ್ ಆರ್ಮಿಯವರ ಕೈಗೆ ಹೋಯಿತು. ಹಿಪ್ಪುನೇರಳೆಯ ಗಿಡಗಳಿದ್ದ ನೆಲದ ಮೇಲೆ ಈಗ ಮನೆಗಳೂ ಅಂಗಡಿಗಳೂ ಎದ್ದಿವೆ. ಬಸ್ಸಿನಲ್ಲಿ ಮಾತ್ರ ‘ಟಾಟಾ ಸಿಲ್ಕ್ ಫಾರಂ’ ಎಂದು ಕೂಗುವರು, ಇಳಿಯುವವರು ಇಳಿಯುವರು.