ಲೈಟರ್ ಕಲ್ಲಿನ ಕತೆ

ಚಕ್ರ ತಿರುಗಿಸಿ ಹೊತ್ತಿಸೋ ಸಿಗರೇಟ್ ಲೈಟರಿನ ಕಲ್ಲು ನೋಡಿದ್ದೀರಾ? ಅದು ಕಲ್ಲಲ್ಲ, ಲೋಹ. ಅದರಲ್ಲಿ ಹೆಚ್ಚಿನ ಪಾಲು ಸೀರಿಯಂ ಮತ್ತು ಅದರ ದಾಯಾದಿಗಳದ್ದು. ಇವನ್ನೇ ರೇರ್ ಅರ್ತ್ ಲೋಹಗಳು ಅನ್ನೋದು. ಹೆಸರಿಗಷ್ಟೇ ರೇರ್, ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ.

ಕಷ್ಟ ಇರೋದು ಅದನ್ನು ಬಿಡಿಸೋದ್ರಲ್ಲಿ. 1803ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಮತ್ತು ಹಿಸಿಂಗರ್, ಅದೇ ಹೊತ್ತಿಗೆ ಜರ್ಮನಿಯ ಕ್ಲಾಪ್ರೋತ್, ಅದರ ಆಕ್ಸೈಡನ್ನು ಗುರುತಿಸಿದರು. ತಕ್ಕಮಟ್ಟಿಗೆ ಶುದ್ಧವಾದ ಲೋಹ ಕೈಗೆ ಬಂದಿದ್ದು 1875ರಲ್ಲಿ, ಹಿಲೆಬ್ರಾಂಡ್ ಮತ್ತು ನಾರ್ಟನ್ ವಿದ್ಯುತ್ ಹಾಯಿಸಿದ ಮೇಲೆ. ನಡುವೆ 72 ವರ್ಷ! ಯಾಕಂದ್ರೆ ಸೀರಿಯಂ ಆಮ್ಲಜನಕವನ್ನು ಹಿಡಿದರೆ ಬಿಡೋದಿಲ್ಲ. ಗಾಳಿಗಿಟ್ಟರೆ ಹೊಳಪು ಕಳ್ಕೊಳ್ಳುತ್ತೆ. ತಣ್ಣೀರಲ್ಲಿ ನಿಧಾನವಾಗಿ, ಬಿಸಿನೀರಲ್ಲಿ ಬೇಗ ಕರಗಿ ಹೈಡ್ರೋಜನ್ ಬಿಡುತ್ತೆ. ಚಾಕುವಿನಿಂದ ಕೆರೆದರೆ ಕಿಡಿ ಹಾರುತ್ತೆ. ಇಂಥ ಲೋಹದಿಂದ ಪಾತ್ರೆ ಮಾಡೋಕಾಗುತ್ತಾ, ಮೊಳೆ ಮಾಡೋಕಾಗುತ್ತಾ?

ನಮ್ಮೂರ ಜಾತ್ರೆಗಳಲ್ಲಿ ಉರೀತಿದ್ದ ಗ್ಯಾಸ್‌ಲೈಟಿನ ಬಿಳಿ ಮ್ಯಾಂಟಲ್ ನಿಮ್ಮಲ್ಲೂ ಕೆಲವರಿಗೆ ನೆನಪಿರಬಹುದು. ಆ ಬೆಳಕಿನ ಹಿಂದಿದ್ದವನು ಆಸ್ಟ್ರಿಯಾದ ಔವರ್ ಫಾನ್ ವೆಲ್ಸ್‌ಬಾಖ್. 1891ರ ಹೊತ್ತಿಗೆ ಅವನು ಕಂಡುಕೊಂಡ ಹದ: 99 ಪಾಲು ಥೋರಿಯಂ ಆಕ್ಸೈಡ್, 1 ಪಾಲು ಸೀರಿಯಂ ಆಕ್ಸೈಡ್. ಥೋರಿಯಂ ಸಿಗ್ತಿದ್ದದ್ದು ಮೊನಜೈಟ್ ಮರಳಿನಿಂದ. ಆದರೆ ಆ ಮರಳಲ್ಲಿ ಥೋರಿಯಂಗಿಂತ ಸೀರಿಯಂ ಬಳಗವೇ ಎಷ್ಟೋ ಪಟ್ಟು ಜಾಸ್ತಿ. ಕಾರ್ಖಾನೆಯಲ್ಲಿ ಕಸ ರಾಶಿ ಬಿತ್ತು.

ಔವರ್ ಆ ಕಸದಿಂದ ತೆಗೆದ ಲೋಹಕ್ಕೆ ಸುಮಾರು 30 ಪಾಲು ಕಬ್ಬಿಣ ಬೆರೆಸಿ ಗಟ್ಟಿ ಮಾಡಿದ. 1903ರಲ್ಲಿ ಪೇಟೆಂಟ್ ಪಡೆದ. ಉಕ್ಕಿನ ಚಕ್ರ ಕೆರೆದಾಗ ಎದ್ದ ಪುಡಿ ತಿಕ್ಕಾಟದ ಬಿಸಿಗೇ ಹೊತ್ತಿಕೊಳ್ಳುತ್ತೆ. ನಮ್ಮ ಆಫೀಸ್ ಭಾಷೆಯಲ್ಲಿ ಹೇಳೋದಾದ್ರೆ, ಬಗ್ಗೇ ಫೀಚರ್ ಆಯ್ತು.

ಇತ್ತ ನಮ್ಮ ದೇಶದ ಪಾಲೇನು? 1909ರಲ್ಲಿ ಷೋಂಬರ್ಗ್ ಅನ್ನೋ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಮರಳಲ್ಲಿ ಮೊನಜೈಟ್ ಗುರುತಿಸಿದ. ಅಲ್ಲಿಂದ ನಮ್ಮ ಕಡಲ ಮರಳು ಮರಳಾಗಿಯೇ ಹಡಗು ಹತ್ತಿತು. ಅದನ್ನು ಇಲ್ಲೇ ಬಿಡಿಸೋಕೆ ಇಂಡಿಯನ್ ರೇರ್ ಅರ್ತ್ಸ್ ಹುಟ್ಟಿದ್ದು 1950ರಲ್ಲಿ, ಆಲುವಾದ ಕಾರ್ಖಾನೆ ಶುರುವಾಗಿದ್ದು 1952ರಲ್ಲಿ.

ಇವತ್ತು ಎಲೆಕ್ಟ್ರಿಕ್ ಕಾರಿನ ಮಾತು ಬಂದಾಗಲೆಲ್ಲ 'ನಮ್ಮಲ್ಲೂ ರೇರ್ ಅರ್ತ್ ಇದೆ' ಅಂತೀವಿ. ಇರೋದು ನಿಜ. ಆಗಲೂ ಇತ್ತು. ಆದರೆ ದುಡ್ಡು ಮಾಡಿದ್ದು ಮರಳಿದ್ದವರಲ್ಲ. ಉಳಿದ ಕಸದ ಗುಣ ಏನು ಅಂತ ಕೂತು ನೋಡಿದವರು.